ಪೆಟ್ಟಿಗೆ ಬಿಚ್ಚದ ಯಂತ್ರಕ್ಕೆ ನಾನು ಕೊಟ್ಟ ಐದು ಸ್ಟಾರ್

ಜಿಲ್ಲೆಯಲ್ಲಿ ಗ್ರಾಹಕರ ಹಿತ ಕಾಯಲು ನೇಮಕಗೊಂಡ ಅಧಿಕಾರಿಗಳಾದ ಮಾನ್ಯರೇ,

ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರ ವಾರಂಟಿ ಮುಗಿದ ಒಂಬತ್ತನೇ ದಿನ ಕೆಟ್ಟು ನಿಂತಿತು. ಇದು ಕಂಪನಿಯ ಲೆಕ್ಕ. ನನ್ನ ಲೆಕ್ಕದಲ್ಲಿ ವಾರಂಟಿ ಮುಗಿಯಲು ಇನ್ನೂ ಹತ್ತೊಂಬತ್ತು ದಿನ ಇರುವಾಗಲೇ ಕೆಟ್ಟಿತು. ವಿಚಿತ್ರವೆಂದರೆ ಎರಡು ಲೆಕ್ಕವೂ ಸರಿಯಾಗಿವೆ, ತಪ್ಪಿದವನು ನಾನು. ತನ್ನ ತಪ್ಪನ್ನು ಒಪ್ಪಿಕೊಂಡೇ ನ್ಯಾಯ ಕೇಳುವವರಿಗೆ ನಿಮ್ಮ ಕಚೇರಿಯ ಅರ್ಜಿ ನಮೂನೆಯಲ್ಲಿ ಯಾವ ಕಲಮೂ ಇಲ್ಲ. ಆದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಿಮಗೆ ನನ್ನ ಪರಿಚಯ ಇದೆ. ಕಳೆದ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಾಹಕರ ದಿನದಂದು ತಾವು ಕಮಲಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಮುಖ್ಯ ಅತಿಥಿಯಾಗಿ ಬಂದಿದ್ದಿರಿ. ಅಲ್ಲಿನ ಸಮಾಜ ವಿಜ್ಞಾನದ ಮೇಷ್ಟ್ರಿಗೆ, ಅಂದರೆ ಶಾಲೆಯ ಗ್ರಾಹಕರ ಕ್ಲಬ್ಬಿನ ಉಸ್ತುವಾರಿಗೆ, ಕೆನೆ ಬಣ್ಣದ ಒಂದು ಶಾಲು ಹೊದಿಸಿ 'ಜಾಗೃತ ಗ್ರಾಹಕ' ಎಂದು ಕರೆದಿರಿ. ಆ ಜಾಗೃತ ಗ್ರಾಹಕನೇ ನಾನು. ಅಂದು ನಾನು ಮೈಕಿನ ಮುಂದೆ ನಿಂತು, ನಮ್ಮ ಮನೆಯ ಯಂತ್ರದ ಬಿಲ್ಲು, ವಾರಂಟಿ ಕಾರ್ಡು ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫೈಲು ಮಾಡಿಟ್ಟಿದ್ದನ್ನು ಎತ್ತಿ ಹಿಡಿದು ತೋರಿಸಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿದ್ದರು, ತಾವೂ ತಟ್ಟಿದ್ದಿರಿ. ಆ ಫೈಲು ಈಗಲೂ ಭದ್ರವಾಗಿದೆ. ನಮ್ಮ ಮನೆಯಲ್ಲಿ ಕೆಡದೆ ಉಳಿದ ವಸ್ತುಗಳಲ್ಲಿ ಅದೂ ಒಂದು.

ಯಂತ್ರ ಕೊಂಡದ್ದು ಯಾಕೆ ಎಂಬುದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಶೋಕಿಗೆ ಬಂದ ಯಂತ್ರವಲ್ಲ. ನಮ್ಮವ್ವ ಸೂಗಮ್ಮನಿಗೆ ಎಪ್ಪತ್ತೊಂಬತ್ತು ವರ್ಷ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದಾಗಿನಿಂದ ಹಾಸಿಗೆಯಲ್ಲೇ ಇದ್ದಾಳೆ. ಬಾಯಿ ಮಾತ್ರ ಊರು ಸುತ್ತುತ್ತದೆ. ರಾತ್ರಿ ಎಬ್ಬಿಸಿ ಕೂರಿಸುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿರುತ್ತದೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ದಿನಕ್ಕೆ ಎರಡು ಮೂರು ಹಾಸಿಗೆ ಬಟ್ಟೆ, ಜೊತೆಗೆ ಹಳೆ ಸೀರೆಗಳಿಂದ ಹೊಲಿದ ಒಂದು ಕೌದಿ. ಅವನ್ನೆಲ್ಲ ಒಗೆಯುತ್ತಿದ್ದವಳು ನನ್ನ ಹೆಂಡತಿ ಭುವನೇಶ್ವರಿ. ಇಪ್ಪತ್ತಾರು ವರ್ಷ ರೊಟ್ಟಿ ಬಡಿದ ಅವಳ ಬಲ ಮಣಿಕಟ್ಟು ಒಂದು ದಿನ ಕೈ ಎತ್ತಿಬಿಟ್ಟಿತು. ಇನ್ನು ಮೇಲೆ ಒದ್ದೆ ಬಟ್ಟೆ ಹಿಂಡಕೂಡದು ಎಂದು ಡಾಕ್ಟರು ಹೇಳಿದರು. ನಾನು ಆಗ ಸೂಚಿಸಿದ ಪರಿಹಾರವನ್ನು ದಾಖಲೆಗಾಗಿ ಹೇಳಿಬಿಡುತ್ತೇನೆ: "ನಿಧಾನಕ್ಕ ಹಿಂಡು." ಅವಳು ಒದ್ದೆ ಕೌದಿಯನ್ನು ತಂದು ನನ್ನ ಕೈಗೇ ಕೊಟ್ಟಳು. ಮರುದಿನವೇ ನಾನು ಕಲಬುರಗಿ ಬಸ್ಸು ಹತ್ತಿದೆ.

ಅದು ಜುಲೈ ಎಂಟನೇ ತಾರೀಕು, ಆಷಾಢ ಶುರುವಾಗಿ ಮೂರನೇ ದಿನ. ಆಷಾಢದಲ್ಲಿ ನಮ್ಮ ಕಡೆಯ ಯಾರೂ ಹೊಸ ವಸ್ತು ಕೊಳ್ಳುವುದಿಲ್ಲ, ಆದ್ದರಿಂದಲೇ ಅಂಗಡಿಯವರು ರಿಯಾಯಿತಿ ಕೊಡುತ್ತಾರೆ. ಇದನ್ನು ಕಂಡುಹಿಡಿದ ಏಕೈಕ ಬುದ್ಧಿವಂತ ನಾನೇ ಎಂಬ ಭಾವನೆಯಲ್ಲಿ ಅಂಗಡಿಗೆ ನುಗ್ಗಿದೆ. ಒಳಗೆ ನನ್ನಂಥ ಬುದ್ಧಿವಂತರು ನಿಲ್ಲಲು ಜಾಗವಿಲ್ಲದಷ್ಟು ಇದ್ದರು. ಬೆಲೆಯಲ್ಲಿ ಇಳಿಕೆ, ಮೇಲೆ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ಫ್ರೀ. ಮಾರುವವನು ಇನ್ನೂ ಎರಡು ವರ್ಷದ ವಾರಂಟಿ ಬೇಕಾದರೆ ಸ್ವಲ್ಪ ಜಾಸ್ತಿ ಕೊಡಬೇಕು ಎಂದ. ಅವನನ್ನು ಅಲ್ಲೇ ನಿಲ್ಲಿಸಿಕೊಂಡು ಹತ್ತು ನಿಮಿಷ ಪಾಠ ಮಾಡಿದೆ. ನಿನ್ನ ವಸ್ತುವಿನ ಮೇಲೆ ನಿನಗೇ ನಂಬಿಕೆ ಇಲ್ಲವೇನಪ್ಪಾ, ಕೆಡುತ್ತದೆ ಎಂದು ಮೊದಲೇ ಗೊತ್ತಿದ್ದು ಮಾರುತ್ತೀಯೇನು ಎಂದು ಕೇಳಿದೆ. ಸುತ್ತ ನಿಂತವರು ತಲೆದೂಗಿದರು. ಪಾಪ, ಅವನು ತಲೆ ತಗ್ಗಿಸಿ ಬಿಲ್ಲು ಬರೆದ. ಕೆಡುತ್ತದೆ ಎಂದು ಅವನಿಗೆ ಗೊತ್ತಿತ್ತು ಅನಿಸುತ್ತದೆ.

ಯಂತ್ರ ಟೆಂಪೊದಲ್ಲಿ ಕಮಲಾಪುರಕ್ಕೆ ಬಂದು ಮನೆ ಮುಂದೆ ಇಳಿಯಿತು. ಒಳಗಿನಿಂದ ಅವ್ವನ ದನಿ ಬಂತು.

"ಏನದು?"

"ಮಷೀನ್ ಬೇ ಅವ್ವಾ. ಬಟ್ಟಿ ಒಗೆಯೋದು."

"ಇವತ್ತ ಯಾವ ದಿನ ಅದ ಖಬರ್ ಅದಯೇನ್ ನಿನಗ? ಸಾಲಿ ಕಲಸ್ತಿ, ಕ್ಯಾಲೆಂಡರ್ ನೋಡಾಕ ಬರಂಗಿಲ್ಲ. ಆಷಾಢದಾಗ ಅದು ನನ್ನ ಹೊಸ್ತಿಲಾ ದಾಟಬಾರ್ದು."

ನಾನು ಶರಣರ ನಾಡಿನವನು. ಮುಹೂರ್ತ, ರಾಹುಕಾಲ ಇವೆಲ್ಲ ಬೇಡವೆಂದು ಶರಣರು ಹನ್ನೆರಡನೇ ಶತಮಾನದಲ್ಲೇ ಹೇಳಿಹೋಗಿದ್ದಾರೆ ಎಂದು ಪ್ರತಿವರ್ಷ ಒಂಬತ್ತನೇ ತರಗತಿಗೆ ಮೇಜು ಕುಟ್ಟಿ ಪಾಠ ಮಾಡುತ್ತೇನೆ. ಅಂದು ಆ ಪಾಠವನ್ನು ಬದಿಗಿಟ್ಟು, ಮನೆ ಪಕ್ಕದ ತಗಡಿನ ಶೆಡ್ಡಿನಿಂದ ನನ್ನ ಸ್ಕೂಟರನ್ನು ಹೊರಗೆ ಹಾಕಿ, ಅಲ್ಲಿ ಯಂತ್ರವನ್ನು ಪೆಟ್ಟಿಗೆ ಸಮೇತ ಇಟ್ಟು ಹಳೆ ಕಂಬಳಿ ಹೊದಿಸಿದೆ. ಇಪ್ಪತ್ತೆಂಟು ದಿನ ಯಂತ್ರ ಬೆಚ್ಚಗೆ ಮಲಗಿತು, ಸ್ಕೂಟರು ಮಳೆಯಲ್ಲಿ ನೆಂದಿತು. ಭುವನೇಶ್ವರಿ ಆ ಇಪ್ಪತ್ತೆಂಟು ದಿನವೂ ಶೆಡ್ಡಿನ ಪಕ್ಕದ ಕಲ್ಲಿನ ಮೇಲೆ, ಎಡಗೈಯಲ್ಲಿ ಬಟ್ಟೆ ಹಿಂಡಿದಳು. ಒಮ್ಮೆ ಪೆಟ್ಟಿಗೆ ಕಡೆ ನೋಡಿ, "ಅದರ ಮಗ್ಗಲಾಗ ಕುಂತ್ರ ಸಾಕ್ರೀ, ಧೈರ್ಯ ಬರ್ತದ" ಎಂದಳು. ಅದು ಹೊಗಳಿಕೆಯಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಯಂತ್ರ ಬಂದು ಮೂರು ದಿನಕ್ಕೆ ಕಲಬುರಗಿಯಿಂದ ಕಂಪನಿಯ ಮೆಕ್ಯಾನಿಕ್ ಅದನ್ನು ಕೂಡಿಸಲು ಬಂದರು. ಐವತ್ತರ ಹತ್ತಿರದ ವಯಸ್ಸು, ಹಣೆಯ ಮೇಲೆ ಏರಿಸಿಕೊಂಡ ಕನ್ನಡಕ. ಅವರ ಹೆಸರನ್ನು ಗುಫ್ರಾನ್ ಎಂದು ಇಟ್ಟುಕೊಳ್ಳೋಣ. ನಿಜವಾದ ಹೆಸರು ಬೇರೆ, ಕಾರಣ ಮುಂದೆ ತಿಳಿಯುತ್ತದೆ. ಅವ್ವ ಹಾಸಿಗೆಯಿಂದಲೇ ಅವರನ್ನು ತಡೆದಳು.

"ಆಷಾಢ ಮುಗೀಲಿ ತಮ್ಮಾ. ಶ್ರಾವಣ ಮೊದಲನೇ ಸೋಮಾರ ಬಾ. ಹೋಳಿಗಿ ಮಾಡಸ್ತೀನಿ."

ಗುಫ್ರಾನ್ ನಕ್ಕರು. "ತಿಳೀತದ್ರಿ ಅಮ್ಮಾ. ನಮಗೂ ಈಗ ಮೊಹರಂ ನಡದದ. ನಮ್ಮಾಕಿನೂ ಮನಿಗಿ ಹೊಸಾದೇನೂ ತರಬ್ಯಾಡ ಅಂತಾಳ." ಆಮೇಲೆ ನನ್ನನ್ನು ಶೆಡ್ಡಿನ ಕಡೆ ಕರೆದು ದನಿ ತಗ್ಗಿಸಿದರು. "ಖರೆ ಮಾಸ್ತರ್ ಸಾಬ್, ಒಂದ್ ಫಜೀತಿ ಅದ. ಮೂರ್ ದಿನದಾಗ ಈ ಕೆಲಸಾ ಮುಗೀತು ಅಂತ ಬರೀಲಿಲ್ಲ ಅಂದ್ರ ನನ್ನ ಹೆಸರಿಗಿ ಪೆಂಡಿಂಗ್ ಬೀಳ್ತದ. ಈ ತಿಂಗಳಾ ಆಗ್ಲೇ ಎರಡು ಬಿದ್ದಾವ. ಇಂಥದೇ ಮನಿ, ಇಂಥದೇ ಆಷಾಢ. ಮೂರನೇದು ಬಿತ್ತಂದ್ರ ನೌಕ್ರಿ ಹೋಗ್ತದ."

"ನಾ ಏನ್ ಮಾಡ್ಬೇಕು?"

"ನಿಮ್ಮ ಫೋನಿಗಿ ನಾಕ್ ನಂಬರ್ ಬರ್ತಾವ. ಅದು ಹೇಳ್ರಿ. ಶ್ರಾವಣ ಸೋಮಾರ ನಾ ಬಂದು ಕೂಡಿಸಿ ಕೊಡ್ತೀನಿ. ಅಲ್ಲಾನ ಮ್ಯಾಲ ಆಣಿ."

ಮಾನ್ಯರೇ, ಒಟಿಪಿಯನ್ನು ಯಾರಿಗೂ ಹೇಳಬಾರದು, ಓದದೆ ಸಹಿ ಹಾಕಬಾರದು ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಎರಡಡಿ ಎತ್ತರದ ಅಕ್ಷರಗಳಲ್ಲಿ ಬರೆಸಿದವನು ನಾನು. ಆ ನಾನು ನಾಲ್ಕು ಅಂಕಿಯನ್ನು ಹೇಳಿದೆ. ಯಂತ್ರವನ್ನು ಕೂಡಿಸಿ, ನಡೆಸಿ ತೋರಿಸಿದ್ದಾರೆ ಎಂಬುದಕ್ಕೆ ಫೋನಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಹಾಕಿದೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆಮೇಲೆ ಐದು ನಕ್ಷತ್ರಗಳು ಬಂದವು, ಐದನ್ನೂ ಒತ್ತಿದೆ. ಅಭಿಪ್ರಾಯ ಬರೆಯಿರಿ ಎಂದು ಒಂದು ಖಾಲಿ ಜಾಗ ಬಂತು. ಖಾಲಿ ಜಾಗ ಕಂಡರೆ ತುಂಬದೆ ಬಿಡುವ ಮೇಷ್ಟ್ರು ಯಾರಿದ್ದಾರೆ? ಬರೆದೆ: "ಯಂತ್ರವು ಅತ್ಯಂತ ಸಮರ್ಪಕವಾಗಿ ಕಾರ್ಯನಿರ್ವಹಿಸುತ್ತಿದೆ. ಸ್ವಲ್ಪವೂ ಸದ್ದಿಲ್ಲ." ಎರಡನೇ ವಾಕ್ಯವಾದರೂ ನಿಜವಾಗಿತ್ತು.

ಗುಫ್ರಾನ್ ಮಾತಿಗೆ ತಪ್ಪಲಿಲ್ಲ. ಶ್ರಾವಣದ ಮೊದಲ ಸೋಮವಾರ, ಆಗಸ್ಟ್ ಐದರಂದು, ತಮ್ಮ ರಜೆಯ ದಿನ, ತಮ್ಮದೇ ಪೆಟ್ರೋಲು ಸುಟ್ಟುಕೊಂಡು ಬಂದರು. ಪೆಟ್ಟಿಗೆ ಬಿಚ್ಚಿ, ನಳ ಜೋಡಿಸಿ, ನೆಲಕ್ಕೆ ಮಟ್ಟ ಹಿಡಿದು ಕೂಡಿಸಿದರು. ಭುವನೇಶ್ವರಿ ಯಂತ್ರಕ್ಕೆ ವಿಭೂತಿ ಬಳಿದು ಚೆಂಡುಹೂವಿನ ಮಾಲೆ ಹಾಕಿದಳು. ಅವ್ವನನ್ನು ಕುರ್ಚಿ ಸಮೇತ ಎತ್ತಿ ತಂದೆವು, ಗುಂಡಿ ಒತ್ತಿದವಳು ಅವಳೇ. ನಾನೊಂದು ಫೋಟೊ ಹೊಡೆದೆ. ಫೋಟೊದಲ್ಲಿ ಮಾಲೆ ಹಾಕಿದ ಯಂತ್ರ, ಪಕ್ಕದಲ್ಲಿ ಅವ್ವ, ಹಿಂದೆ ಹೋಳಿಗೆ ತಟ್ಟೆ ಹಿಡಿದು ನಾಚಿ ನಿಂತ ಗುಫ್ರಾನ್. ಕೆಳಗೆ ಫೋನು ತಾನಾಗಿಯೇ ತಾರೀಕು ಮುದ್ರಿಸಿದೆ. ಅಂದು ಸಂಜೆ ಅವ್ವ ಎರಡನೇ ಸಲ ಚಹಾ ಕೇಳಿದಳು. ಸೊಂಟ ಮುರಿದ ಮೇಲೆ ಅವಳು ಎರಡನೇ ಕಪ್ಪು ಕೇಳಿದ್ದು ಅದೇ ಮೊದಲು. ಯಾಕೆ ಎಂದು ನನಗೆ ಹೊಳೆಯಲಿಲ್ಲ. ಹೋಳಿಗೆ ಜಾಸ್ತಿ ತಿಂದಿದ್ದಾಳೆ, ಬಾಯಾರಿರಬೇಕು ಎಂದುಕೊಂಡೆ.

ಹನ್ನೊಂದು ತಿಂಗಳು ಚೆನ್ನಾಗಿ ಕಳೆದವು. ಈ ವರ್ಷ ಜುಲೈ ಹದಿನಾರರ ಬೆಳಿಗ್ಗೆ ಯಂತ್ರ ಮೂರು ಸಲ ಕೂಗಿ ಕಣ್ಣು ಮುಚ್ಚಿತು. ಬಾಗಿಲು ಬೀಗ ಹಾಕಿಕೊಂಡಿತು. ಗಾಜಿನ ಹಿಂದೆ, ಸೋಪಿನ ನೀರಿನಲ್ಲಿ ಅವ್ವನ ಕೌದಿ ಸಿಕ್ಕಿಕೊಂಡಿತ್ತು. "ಆಷಾಢದಾಗ ಕೊಂಡಿದ್ದು, ಆಷಾಢದಾಗೇ ಹೋತು" ಎಂದು ಅವ್ವ ತೀರ್ಪು ಕೊಟ್ಟಳು. ನಾನು ಫೈಲು ತೆಗೆದುಕೊಂಡು ಸರ್ವಿಸ್ ಸೆಂಟರಿಗೆ ಹೊರಟೆ. ಜೊತೆಗೆ ಒಂದು ಚಿಪ್ಪು ಕಮಲಾಪುರದ ಕೆಂಪು ಬಾಳೆಹಣ್ಣು. ನಾಗರಿಕ ಹಕ್ಕಿನ ಮೇಲೆ ಪೂರ್ತಿ ನಂಬಿಕೆ ಇದ್ದವನು ಬಾಳೆಹಣ್ಣು ಯಾಕೆ ಒಯ್ದ ಎಂದು ದಯವಿಟ್ಟು ಕೇಳಬೇಡಿ.

ಬಸ್ಸು ಕಲಬುರಗಿ ಅಂಚಿನ ಕಪನೂರು ದಾಟುವವರೆಗೂ ಮನಸ್ಸಿನಲ್ಲೇ ವಾದ ಜೋಡಿಸಿಕೊಂಡೆ. ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ನಯವಾಗಿ ಮಾತಾಡಿದಳು. ಅವಳನ್ನು ಅಂಬರೀನ್ ಎನ್ನೋಣ.

"ಬಿಲ್ಲಿನ ತಾರೀಕಿಂದ ಲೆಕ್ಕ ಹಿಡದ್ರ ಒಂಬತ್ ದಿನಾ ಲೇಟ್ ಆಗ್ಯಾದ್ರಿ ಸರ್. ಮೋಟರಿಗಿ ಹತ್ತ್ ವರ್ಷ ವಾರಂಟಿ ಅದ. ಖರೆ ಹೋಗಿದ್ದು ಬೋರ್ಡ್. ಬೋರ್ಡಿಗಿ ಒಂದೇ ವರ್ಷ."

"ಮೋಟರ್ ಚಲೋ ಅದಲ್ಲಮ್ಮಾ?"

"ಏಕದಂ ಚಲೋ ಅದ್ರಿ."

"ಮತ್ತ ಯಾಕ ತಿರುಗವಲ್ದು?"

"ತಿರುಗು ಅಂತ ಹೇಳೋದು ಬೋರ್ಡ್ ಅಲ್ರಿ ಸರ್."

ಹತ್ತು ವರ್ಷ ಬಾಳುವ ಮೋಟರಿಗೆ ಅಪ್ಪಣೆ ಕೊಡಲು ಒಂದು ವರ್ಷದ ಬೋರ್ಡನ್ನು ನೇಮಿಸಿದವರು ಯಾರು ಎಂದು ಕೇಳಬೇಕೆನಿಸಿತು. ಬದಲಿಗೆ ದನಿ ಏರಿಸಿ, ನಮ್ಮ ಮನೆಯಲ್ಲಿ ಯಂತ್ರ ಶುರುವಾದದ್ದೇ ಆಗಸ್ಟ್ ಐದಕ್ಕೆ, ನನ್ನ ವರ್ಷ ಇನ್ನೂ ತುಂಬಿಲ್ಲ ಎಂದೆ. ಅಂಬರೀನ್ ನಾಲ್ಕು ಗುಂಡಿ ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನನ್ನ ಒಟಿಪಿ, ನನ್ನ ಬೆರಳಿನ ಸಹಿ, ನನ್ನ ಐದು ನಕ್ಷತ್ರ, ಜುಲೈ ಹನ್ನೊಂದು. ಅಲ್ಲಿಂದ ಎಣಿಸಿದರೂ ವರ್ಷ ಮುಗಿದ ಆರನೇ ದಿನ. ಕೆಳಗೆ ನನ್ನ ಆ ಎರಡು ವಾಕ್ಯ. ಅವಳು ಅದನ್ನು ಜೋರಾಗಿ ಓದಿದಳು ಕೂಡ. ಹಿಂದೆ ಸಾಲಿನಲ್ಲಿ ನಿಂತಿದ್ದವರೊಬ್ಬರು, "ಮಾಸ್ತರ್ ಇರಬೇಕು, ಎಷ್ಟು ಛಂದ ಬರದಾರ" ಎಂದರು. ಅಂಬರೀನ್ ಒಂದು ಬಾಳೆಹಣ್ಣು ಸುಲಿದು ತಿಂದಳು. "ಭಾಳ ರುಚಿ ಅದಾವ್ರಿ ಸರ್. ಖರೆ ಸಿಸ್ಟಮ್ ತಗೊಳ್ಳಂಗಿಲ್ಲ." ಹಣ ಕೊಟ್ಟರೂ ಬೋರ್ಡು ಬರಲು ಮೂರು ವಾರ ಬೇಕು, ಅದರ ಬೆಲೆ ಯಂತ್ರದ ಬೆಲೆಯ ಅರ್ಧಕ್ಕೆ ಹತ್ತಿರ ಎಂದೂ ತಿಳಿಸಿದಳು.

ಆಗಲೇ ಹಣ ಕಟ್ಟಿ ಬರಬಹುದಿತ್ತು, ನನ್ನ ಹತ್ತಿರ ಇತ್ತು. ಆದರೆ ನಾನು ಗ್ರಾಹಕರ ಕ್ಲಬ್ಬಿನ ಉಸ್ತುವಾರಿ, ಶಾಲು ಹೊದ್ದವನು! ಪೈಸೆ ಕೊಡುವುದಿಲ್ಲ, ನೋಡಿಕೊಳ್ಳುತ್ತೇನೆ ಎಂದು ಹೇಳಿ ಗತ್ತಿನಿಂದ ಮೆಟ್ಟಿಲು ಇಳಿದೆ. ಫೈಲು ಅಲ್ಲೇ ಮರೆತಿದ್ದೆ, ಮತ್ತೆ ಹತ್ತಿ ತಂದೆ.

ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ಯಾಕೆ ತಟ್ಟಲಿಲ್ಲ ಎಂದು ತಾವು ಕೇಳಬಹುದು. ದೂರು ಬರೆದು ಇಟ್ಟಿದ್ದೇನೆ, ಮಾನ್ಯರೇ. ತಯಾರಿಕೆಯಲ್ಲೇ ದೋಷವಿದ್ದರೆ ವಾರಂಟಿ ಮುಗಿದರೂ ಪ್ರಶ್ನೆ ಮಾಡಬಹುದು ಎಂಬುದು ನನಗೆ ಗೊತ್ತು, ಮಕ್ಕಳಿಗೆ ಕಲಿಸಿದ್ದೇನೆ. ಆದರೆ ದೂರಿನ ಜೊತೆ ಪ್ರಮಾಣಪತ್ರ ಕೊಡಬೇಕು. ಯಂತ್ರ ಯಾವತ್ತು ಕೂಡಿಸಿದರು ಎಂದು ಬರೆಯಲಿ? ಜುಲೈ ಹನ್ನೊಂದು ಎಂದು ಬರೆದರೆ ಸುಳ್ಳು ಪ್ರಮಾಣ. ಆಗಸ್ಟ್ ಐದು ಎಂದು ಬರೆದು ಆ ಫೋಟೊ ಲಗತ್ತಿಸಿದರೆ ಹೋಳಿಗೆ ತಟ್ಟೆ ಹಿಡಿದು ನಿಂತ ಮನುಷ್ಯನ ನೌಕರಿ ಹೋಗುತ್ತದೆ. ಫೋಟೊದಲ್ಲಿ ಅವರನ್ನು ಕತ್ತರಿಸಿ ತೆಗೆಯಲು ನೋಡಿದೆ. ಯಂತ್ರದ ಮೂಲೆಯೊಂದು ಹೋಯಿತು, ಅವ್ವನ ಕಿವಿ ಹೋಯಿತು, ಗುಫ್ರಾನರ ಕೈ ಮತ್ತು ಹೋಳಿಗೆ ಮಾತ್ರ ಅಲ್ಲೇ ಉಳಿದವು. ಅದೂ ಅಲ್ಲದೆ, ಕೆಲಸದ ಚೀಟಿಯಲ್ಲಿ ಅವರ ಹೆಸರು ಇದ್ದೇ ಇದೆ.

ಈ ಸಂಕಟವನ್ನು ಹತ್ತನೇ ತರಗತಿಯಲ್ಲಿ ಪಾಠದ ನಡುವೆ ತೋಡಿಕೊಂಡೆ. ಮೊದಲ ಬೆಂಚಿನ ಮಲ್ಲಿಕಾ ಎದ್ದು ನಿಂತಳು. "ಸರ್, ಪರೀಕ್ಷಾದಾಗ ಇದು ಬಂದ್ರ ಗೋಡಿ ಮ್ಯಾಲ ಇದ್ದಂಗ ಬರೀಬೇಕೋ, ನೀವು ಮಾಡಿದಂಗ ಬರೀಬೇಕೋ?" ಗೋಡೆ ಮೇಲೆ ಇದ್ದ ಹಾಗೆ ಬರಿಯಮ್ಮಾ ಎಂದೆ. ಹುಡುಗರು ಮುಖ ಕೆಳಗೆ ಹಾಕಿ ನಗುತ್ತಿದ್ದರು. ನಾನೂ ನಕ್ಕೆ, ಮೇಷ್ಟ್ರಾದವನಿಗೆ ಬೇರೆ ದಾರಿ ಇರಲಿಲ್ಲ.

ಇಲ್ಲಿಯವರೆಗೆ ನಗುವ ಕಥೆ. ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಯಂತ್ರ ಕೆಟ್ಟ ಮರುದಿನದಿಂದ ಬಟ್ಟೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಗೆ ಹೊರಡುವ ಮುಂಚೆ, ಆ ಫ್ರೀ ಬಂದಿದ್ದ ನೀಲಿ ಟಬ್ಬಿನಲ್ಲಿ. ಟಬ್ಬಿಗೆ ಯಾವ ವಾರಂಟಿಯೂ ಇಲ್ಲ, ಕಲ್ಲಿನ ಹಾಗೆ ಗಟ್ಟಿಯಾಗಿದೆ. ಮೊದಲ ದಿನವೇ ನನಗೆ ನಡು ಹಿಡಿಯಿತು. ಭುವನೇಶ್ವರಿ ಎರಡು ವರ್ಷ ಬಾಯಿ ಬಿಡದೆ ಮಾಡಿದ ಕೆಲಸವನ್ನು ನಾನು ಊರಿಗೆಲ್ಲ ಕೇಳುವಂತೆ ಮಾಡಿದೆ. ಒಂದೊಂದು ಸಲ ಹಿಂಡುವಾಗಲೂ "ಅಯ್ಯೋ ಶಿವನೇ, ನನ್ನ ನಡಾ!" ಎಂದೆ. ಎದ್ದರೆ ನರಳಿದೆ, ಕೂತರೆ ನರಳಿದೆ. ಕಂಪನಿಯನ್ನು ಬೈದೆ, ಅಂಗಡಿಯವನನ್ನು ಬೈದೆ, ನಿಮ್ಮನ್ನೂ ಬೈದೆ. ಟಬ್ಬು ಇಟ್ಟಿದ್ದು ಅವ್ವನ ಕಿಟಕಿಯ ಕೆಳಗೆ. ಅವಳು ಒಳಗಿನಿಂದ ಎಲ್ಲವನ್ನೂ ಕೇಳುತ್ತ ಮಲಗಿದ್ದಳು.

ನಾಲ್ಕನೆಯ ದಿನ ಅವ್ವನ ಹಾಸಿಗೆ ರಾತ್ರಿಯೆಲ್ಲ ಒದ್ದೆಯಾಗಿರಲಿಲ್ಲ. ಐದನೆಯ ದಿನವೂ. ಆರನೆಯ ದಿನವೂ. ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ದೇವರು ಕಣ್ಣು ಬಿಟ್ಟ ಎಂದು ಭುವನೇಶ್ವರಿಗೆ ಹೇಳಿದೆ. ಅವಳು ಹುಬ್ಬು ಗಂಟು ಹಾಕಿ, "ಒಮ್ಮೆ ಡಾಕ್ಟರಿಗಿ ಕೇಳ್ರಿ, ಹಿಂಗ್ಯಾಕಾತು ಅಂತ" ಎಂದಳು. ಒಳ್ಳೆಯದಾದಾಗ ಡಾಕ್ಟರನ್ನು ಯಾಕೆ ಕೇಳಬೇಕು ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಅದೇ ಹೊತ್ತಿಗೆ ಅವ್ವನ ಮಂಚಕ್ಕೆ ತಾಗಿದ ಕಿಟಕಿಯಲ್ಲಿ ಬಾಡಿಹೋಗಿದ್ದ ಮಲ್ಲಿಗೆ ಕುಂಡ ಚಿಗುರತೊಡಗಿತು. ನಾನು ಹಾಕಿದ ಗೊಬ್ಬರದಿಂದ ಎಂದು ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಮಾನ್ಯರೇ, ಅವ್ವ ನಾವು ಕೊಟ್ಟ ನೀರನ್ನೆಲ್ಲ ಆ ಕುಂಡಕ್ಕೆ ಸುರಿಯುತ್ತಿದ್ದಳು.

ಹತ್ತನೆಯ ದಿನ ಜ್ವರ ಬಂತು. ಸಂಜೆಗೆ ಅವ್ವ ನನ್ನನ್ನು ಗುರುತು ಹಿಡಿಯಲಿಲ್ಲ. ಸತ್ತುಹೋದ ನಮ್ಮಪ್ಪನ ಹೆಸರು ಹಿಡಿದು ಕರೆದಳು. ಆಂಬುಲೆನ್ಸಿನಲ್ಲಿ ಕಲಬುರಗಿಗೆ ಒಯ್ದೆವು. ಡಾಕ್ಟರು ಅವಳ ಕೈ ಮೇಲಿನ ಚರ್ಮವನ್ನು ಚಿವುಟಿ ನೋಡಿ, "ಎಷ್ಟು ದಿನಾತ್ರೀ ಇವರು ನೀರ್ ಕುಡದು?" ಎಂದು ನನ್ನನ್ನೇ ಕೇಳಿದರು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಮೂರನೆಯ ದಿನ ಅವ್ವನಿಗೆ ಪ್ರಜ್ಞೆ ತಿಳಿಯಾಯಿತು. ಯಾಕವ್ವಾ ಹೀಗೆ ಮಾಡಿದಿ ಎಂದು ಕೇಳಿದೆ.

"ನೀ ನಡಾ ಹಿಡ್ಕೊಂಡ್ ಅಳ್ತಿದ್ದಿ ಮಗಾ. ಸೊಸಿ ಕೈ ಹೋಗ್ಯಾದ, ನಿನ್ನ ನಡಾ ಹೋಗ್ಯಾದ, ಮಷೀನೂ ಹೋಗ್ಯಾದ. ನಾ ನೀರ್ ಕುಡದ್ರ ಅಲ್ಲೇನ್ ಹಾಸಗಿ ತೊಯ್ಯೋದು?"

ನಾನು ಆಸ್ಪತ್ರೆಯ ವರಾಂಡಕ್ಕೆ ಹೋಗಿ ಅತ್ತೆ. ಆ ಎರಡನೇ ಕಪ್ಪು ಚಹಾ ಯಾಕೆ ಕೇಳಿದ್ದಳು ಎಂಬುದು ಅಲ್ಲಿ ತಿಳಿಯಿತು. ಯಂತ್ರವಿದ್ದ ಆ ಹನ್ನೊಂದು ತಿಂಗಳು ಮಾತ್ರ ನಮ್ಮವ್ವ ಬಾಯಾರಿದಾಗ ನೀರು ಕುಡಿದಿದ್ದಳು. ಅದಕ್ಕೆ ಮುಂಚೆ ಎಷ್ಟು ದಿನ, ಎಷ್ಟು ರಾತ್ರಿ ತಡೆದುಕೊಂಡಿದ್ದಳೋ ಗೊತ್ತಿಲ್ಲ. ಅವಳ ಮಗ ಸಾಲಿ ಮೇಷ್ಟ್ರು, ಊರಿನ ಹಕ್ಕುಗಳನ್ನೆಲ್ಲ ಬಲ್ಲವನು, ತನ್ನ ಮನೆಯಲ್ಲಿ ಬಾಯಾರಿದವರಿದ್ದಾರೆ ಎಂಬುದನ್ನು ಬಲ್ಲವನಾಗಿರಲಿಲ್ಲ.

ಕಲಬುರಗಿಯ ರೋಜಾ ಬಡಾವಣೆಯಲ್ಲಿ ಮನೆಯಿರುವ ಗುಫ್ರಾನರಿಗೆ ಹೇಗೋ ಸುದ್ದಿ ಮುಟ್ಟಿ ಅವರು ಆಸ್ಪತ್ರೆಗೆ ಬಂದರು. ಯಂತ್ರದೊಳಗೆ ಸಿಕ್ಕಿಕೊಂಡಿದ್ದ ಕೌದಿಯನ್ನು ವಾರದ ಹಿಂದೆ ಪುಕ್ಕಟೆ ಬಿಡಿಸಿಕೊಟ್ಟವರೂ ಅವರೇ. ಮಂಚದ ಪಕ್ಕ ನಿಂತು, "ಆ ಫೋಟೊ ಕೊಟ್ಟುಬಿಡ್ರಿ ಸಾಬ್. ಸುಳ್ಳು ಬರದಿದ್ದು ನಾ. ನೌಕ್ರಿ ಹೋದ್ರ ಹೋಗ್ಲಿ, ಸ್ಕ್ರೂಡ್ರೈವರ್ ಹಿಡಿಯೋ ಕೈ ಅದ" ಎಂದರು. ಅವರಿಗೆ ಮದುವೆಗೆ ಬಂದ ಮಗಳಿದ್ದಾಳೆಂದು ನನಗೆ ಗೊತ್ತು. ನಾನು ಬಾಯಿ ತೆರೆಯುವ ಮುಂಚೆ ಅವ್ವ ಸಲೈನು ಹಚ್ಚಿದ ಕೈ ಎತ್ತಿದಳು.

"ಅವನ ಅನ್ನಕ್ಕ ಕಲ್ಲು ಹಾಕಬ್ಯಾಡ. ಬಿಚ್ಚಬ್ಯಾಡ ಅಂದಾಕಿ ನಾ. ನಂಬರ ಹೇಳಿದಾಂವ ನೀ. ಬರೆಯೋದಿದ್ರ ನನ್ನ ಹೆಸರು ಬರಿ."

ಹಾಗಾಗಿ ಈ ಪತ್ರದಲ್ಲಿ ಅವಳ ಹೆಸರಿದೆ. ಕಂಪನಿಯ ಹೆಸರಿಲ್ಲ, ಅಂಗಡಿಯ ಹೆಸರಿಲ್ಲ, ನನ್ನದೂ ಇಲ್ಲ. ಕಂಪನಿಗಳು ಹುಡುಕಿಕೊಳ್ಳಲಿ ಬಿಡಿ, ನಾನು ಒಬ್ಬನೇ ಅಲ್ಲ. ಆಷಾಢದಲ್ಲಿ ಕೊಂಡು ಶ್ರಾವಣದಲ್ಲಿ ಬಿಚ್ಚುವ ಮನೆಗಳು ನಮ್ಮ ತಾಲ್ಲೂಕಿನಲ್ಲೇ ನೂರಾರಿವೆ. ಪೆಟ್ಟಿಗೆಯೊಳಗೆ ಮಲಗಿದ ಫ್ರಿಜ್ಜು, ಕೂಲರು, ಮಿಕ್ಸರುಗಳಿಗೆ ಐದು ಸ್ಟಾರು ಕೊಟ್ಟವರು ಮನೆಗೊಬ್ಬರು ಸಿಗುತ್ತಾರೆ. ನಾವು ಆಷಾಢ ಆಚರಿಸುತ್ತೇವೆಂದು ಅಂಗಡಿಯವರಿಗೆ ಗೊತ್ತು, ಅದಕ್ಕೇ 'ಆಷಾಢ ಆಫರ್' ಎಂದು ಬ್ಯಾನರು ಕಟ್ಟುತ್ತಾರೆ. ಮಾರುವಾಗ ನೆನಪಿದ್ದ ಆಷಾಢ, ವಾರಂಟಿ ಎಣಿಸುವಾಗ ಯಾಕೆ ಮರೆತುಹೋಗುತ್ತದೆ? ನಮ್ಮ ನಂಬಿಕೆ ಮೂಢವೇ ಇರಲಿ. ಆ ಮೂಢತನದ ಮೇಲೆ ವ್ಯಾಪಾರ ಮಾಡಿದವರ ಬುದ್ಧಿವಂತಿಕೆಗೆ ಏನೆನ್ನಬೇಕು? ಇನ್ನು ನಾನು ಒಂಬತ್ತು ದಿನವನ್ನು ಬಿಟ್ಟುಕೊಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ದಿನಕ್ಕೆ ಎರಡು ಸಲ ಬಟ್ಟೆ ಒಗೆದದ್ದಕ್ಕೆ ಒಂದು ವರ್ಷದಲ್ಲಿ ಪ್ರಾಣ ಬಿಡುವ ವಸ್ತುವನ್ನು ಮಾರುವುದಾದರೆ, ಪೆಟ್ಟಿಗೆಯ ಮೇಲೆ ನಗುತ್ತಿರುವ ಹೆಣ್ಣುಮಗಳ ಚಿತ್ರದ ಬದಲು ಅದರ ಆಯುಷ್ಯವನ್ನೇ ಅಚ್ಚು ಹಾಕಬಾರದೇ?

ಆಸ್ಪತ್ರೆಯಿಂದ ಬಂದ ದಿನವೇ ನಾನು ಹೋಗಿ ಬೋರ್ಡಿಗೆ ಹಣ ಕಟ್ಟಿದೆ. ನನ್ನ ಹಟವನ್ನು ಅವ್ವನ ಕಿಡ್ನಿಯ ಮೇಲೆ ಸಾಧಿಸುವ ಧೈರ್ಯ ಉಳಿದಿರಲಿಲ್ಲ. ಬೋರ್ಡು ಇನ್ನೂ ಬಂದಿಲ್ಲ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ, ಈ ಬಿಡಿಭಾಗಕ್ಕೆ ಮೂರು ತಿಂಗಳ ವಾರಂಟಿ, ರಸೀದಿಯ ದಿನದಿಂದ ಅನ್ವಯ ಎಂದಿದೆ. ಅಂದರೆ ನಾನಿನ್ನೂ ಕಣ್ಣಿಂದಲೂ ನೋಡದ ಬೋರ್ಡಿನ ಆಯುಷ್ಯದಲ್ಲಿ ಹದಿನೆಂಟು ದಿನ ಆಗಲೇ ಮುಗಿದಿವೆ. ಈ ಸಲ ಆಷಾಢವೂ ಇಲ್ಲ, ಅವ್ವನೂ ತಡೆದಿಲ್ಲ. ಈಗ ಯಾರನ್ನು ಬೈಯಬೇಕು, ತಾವೇ ಹೇಳಿ.

ನನ್ನ ಬೇಡಿಕೆ ಇಷ್ಟು. ವಾರಂಟಿಯ ದಿನ ಯಂತ್ರ ಮೊದಲ ಸಲ ತಿರುಗಿದ ದಿನದಿಂದ ಶುರುವಾಗಬೇಕೆಂದು ಮೇಲಿನವರಿಗೆ ಬರೆಯಿರಿ, ಅವರು ಒಪ್ಪುವವರೆಗೆ ಬರೆಯುತ್ತಲೇ ಇರಿ. ಬಿಡಿಭಾಗಕ್ಕೂ ಅದೇ ನಿಯಮ. ಮನೆಯವರು ಬೇಡವೆಂದು ವಾಪಸು ಕಳಿಸಿದ್ದಕ್ಕೆ ಮೆಕ್ಯಾನಿಕ್ಕಿಗೆ ಶಿಕ್ಷೆ ಕೊಡುವುದನ್ನು ನಿಲ್ಲಿಸಿ. ಆ ಮನುಷ್ಯನ ನೌಕರಿಗೆ ಏನೂ ಆಗುವುದಿಲ್ಲ ಎಂದು ನನಗೆ ಬರಹದಲ್ಲಿ ಕೊಡಿ, ಅಂದೇ ಬಂದು ಫೋಟೊವನ್ನು ಹೋಳಿಗೆ ಸಮೇತ ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಸುಳ್ಳು ಸಹಿ ಹಾಕಿದ್ದಕ್ಕೆ ನನಗೆ ಏನು ಶಿಕ್ಷೆಯೋ ಅದನ್ನು ಕೊಡಿ, ಒಪ್ಪುತ್ತೇನೆ. ಅಲ್ಲಿಯವರೆಗೆ ಪ್ರತಿ ಸೋಮವಾರ ಶಾಲೆ ಬಿಟ್ಟ ಮೇಲೆ ನಿಮ್ಮ ಕಚೇರಿಯ ಮುಂದೆ ಬಂದು ಕೂರುವವನಿದ್ದೇನೆ. ಬಾಳೆಹಣ್ಣು ತರುವುದಿಲ್ಲ.

ತಾವು ಹೊದಿಸಿದ ಶಾಲನ್ನು ಈ ಪತ್ರದ ಜೊತೆ ವಾಪಸು ಕಳಿಸಬೇಕೆಂದು ತೀರ್ಮಾನಿಸಿದ್ದೆ. ಕಳಿಸಲು ಆಗುತ್ತಿಲ್ಲ, ಕ್ಷಮಿಸಿ. ನಿನ್ನೆ ಹಾಸಿಗೆ ಬಟ್ಟೆಗಳು ಯಾವುವೂ ಒಣಗಿರಲಿಲ್ಲ, ಅದನ್ನೇ ಅವ್ವನ ಕೆಳಗೆ ಹಾಸಿದ್ದೆವು. ಬೆಳಿಗ್ಗೆ ನಾನೇ ಟಬ್ಬಿನಲ್ಲಿ ಒಗೆದು ಹಗ್ಗಕ್ಕೆ ಹಾಕಿದ್ದೇನೆ, ಬಾಯಿ ಬಿಡದೆ ಒಗೆದೆ. ಅದಿನ್ನೂ ಒದ್ದೆ ಇದೆ. ಅವ್ವ ನೀರು ಕುಡಿಯುತ್ತಿದ್ದಾಳೆ.

ಇಂತಿ,
ಗೋಡೆಗೆ ಬರೆಸಿದ ಪಾಠದಲ್ಲಿ ತಾನೇ ನಪಾಸಾದ,
ಸೂಗಮ್ಮನ ಮಗ
ಕಮಲಾಪುರ